ಹಿಂದಿನ ಟೈರು ಎರಡೂ ಅಂಚಲ್ಲಿ ಸವೀತಿದೆ, ಮುಂದಿನದ್ದು ಒಳಗಡೆ ಮಾತ್ರ: ಚಿಕ್ಕ ಗೂಡ್ಸ್ ಗಾಡಿಯವರು ಸ್ವಲ್ಪ ನೋಡಿ

ಶ್ರೀನಿವಾಸಪುರ ಲೋಡ್:
ಮುಕ್ಕಾಲು ಟನ್ನಿನ ಡೀಸೆಲ್ ಗಾಡಿ. ಟೈರು 145 ಆರ್ 12 ಎಲ್‌ಟಿ, 8 ಪಿಆರ್ (ಪ್ಲೈ ರೇಟಿಂಗ್, ಟೈರಿನ ಗಟ್ಟಿತನದ ಅಂಕಿ), ಟ್ಯೂಬ್‌ಲೆಸ್. ಕೆಲಸ ಟೊಮೆಟೊ, ತೋಟದಿಂದ ಕೋಲಾರ ಎಪಿಎಂಸಿಗೆ. ಹಿಂದಿನ ಎರಡೂ ಟೈರಲ್ಲಿ ನಡುವೆ ಬಟನ್ (ಗ್ರಿಪ್ಪಿನ ಉಬ್ಬು) ಚೆನ್ನಾಗಿದೆ, ಎರಡು ಅಂಚೂ ಬೋಳು. ಮುಂದೆ ಎಡಗಡೆ ಟೈರು ಒಳ ಅಂಚು ಮಾತ್ರ ತಿಂದಿದೆ. ಗಾಳಿ ನಾಲ್ಕಕ್ಕೂ 45 ಪಿಎಸ್‌ಐ. ಒಂದು ಸಲಕ್ಕೆ 50 ಕ್ರೇಟು, ಒಂದೊಂದು 15 ಕೆಜಿ. ಟೈರ್ ಅಂಗಡಿಯವರು ಕಂಪನಿ ಬದಲಾಯಿಸಿ ಅಂತಾರೆ, ಮೆಕ್ಯಾನಿಕ್ ಅಲೈನ್‌ಮೆಂಟ್ ಅಂತಾರೆ. ಯಾವುದು ಮೊದಲು ನೋಡಬೇಕು?

ಶಿರಾ ಗೇಟ್ ಟೈರು:
ಹಿಂದಿನದಕ್ಕೂ ಮುಂದಿನದಕ್ಕೂ ಕಾರಣ ಬೇರೆ ಬೇರೆ, ಒಟ್ಟಿಗೆ ಸೇರಿಸಬೇಡಿ. ಟೈರ್ ಕಂಪನಿಗೂ ಇದಕ್ಕೂ ಸಂಬಂಧ ಇಲ್ಲ.

ಹಿಂದೆ ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಮ್ಮಿ, ಇಲ್ಲಾ ಲೋಡು ಜಾಸ್ತಿ. ನಿಮ್ಮಲ್ಲಿ ಎರಡೂ ಇದೆ. ಟೈರಿನ ಪಕ್ಕದಲ್ಲಿ 86/84 ಅಂತ ಇರುತ್ತೆ ನೋಡಿ. 86 ಅಂದರೆ ಒಂಟಿ ಚಕ್ರಕ್ಕೆ 530 ಕೆಜಿ. ಆ 530 ಸಿಗೋದು ಟೈರು ಪೂರ್ತಿ ಗಾಳಿಯಲ್ಲಿದ್ದಾಗ. ಈ ಸೈಜಿನ 8 ಪಿಆರ್‌ಗೆ ಅದು 65 ಪಿಎಸ್‌ಐ ಹತ್ತಿರ. 45 ಹಾಕಿದರೆ ಅದೇ ಟೈರು ಹೊರೋದು ಸುಮಾರು 400 ಕೆಜಿ ಅಷ್ಟೇ. ಎರಡು ಸೇರಿ 800. ಲೋಡು ಹಾಕಿದ ಮೇಲೆ ನಿಮ್ಮ ಹಿಂದಿನ ಆಕ್ಸಲ್ ಮೇಲೆ ಒಂದು ಟನ್ ಆಸುಪಾಸು ಬೀಳುತ್ತೆ. ಮಿಕ್ಕ ಭಾರಕ್ಕೆ ಸೈಡ್ ವಾಲ್ ಪ್ರತಿ ಸುತ್ತಿಗೂ ಮಡಚಿ ಬಿಚ್ಚುತ್ತೆ, ಬಿಸಿ ಹುಟ್ಟೋದೇ ಅಲ್ಲಿ. ಅಂಚು ಸವೆಯೋದು ಕಣ್ಣಿಗೆ ಕಾಣುತ್ತೆ. ರಬ್ಬರ್ ಒಳಗಿನ ದಾರದ ಪದರ ಬಿಟ್ಟುಕೊಳ್ಳೋದು ಕಾಣಲ್ಲ, ಸಿಡಿಯೋದು ಅದರಿಂದ.

ಎಷ್ಟು ಹಾಕಬೇಕು ಅನ್ನೋದು ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರ್ ಅಥವಾ ಗಾಡಿ ಪುಸ್ತಕದಲ್ಲಿ ಇರುತ್ತೆ. ಮುಂದೆ ಒಂದು, ಹಿಂದೆ ಒಂದು. ನಾಲ್ಕಕ್ಕೂ ಒಂದೇ ಹಾಕೋದು ಕಾರಿನ ಅಭ್ಯಾಸ.

ಗ್ರೀಸ್ ಗನ್:
ಲೆಕ್ಕದಲ್ಲಿ ಇನ್ನೊಂದು ತಪ್ಪಿಹೋಗಿದೆ. 50 ಕ್ರೇಟು ಅಂದರೆ ಹಣ್ಣೇ 750 ಕೆಜಿ. ಖಾಲಿ ಪ್ಲಾಸ್ಟಿಕ್ ಕ್ರೇಟು ಒಂದೊಂದು ಒಂದೂವರೆ ಕೆಜಿ ಹಿಡಿದರೂ ಇನ್ನೊಂದು 75. ಮೇಲೆ ಹಮಾಲಿಗೆ ಅಂತ ಇಬ್ಬರು ಕೂತರೆ? ಆರ್‌ಸಿಯಲ್ಲಿ ಬರೆದಿರೋದು ದಾಟಿ ಆಯ್ತು. ಒಂದು ಸಲ ಲೋಡ್ ಸಮೇತ ವೇಬ್ರಿಡ್ಜ್ ಮೇಲೆ ಹತ್ತಿಸಿ. ಪೂರ್ತಿ ಗಾಡಿ ಒಂದು ತೂಕ, ಹಿಂದಿನ ಚಕ್ರ ಮಾತ್ರ ಪ್ಲೇಟಿನ ಮೇಲೆ ನಿಲ್ಲಿಸಿ ಇನ್ನೊಂದು ತೂಕ. ಎರಡನೇ ಚೀಟಿ ನೋಡಿದ ಮೇಲೆ ಗಾಳಿ ಬಗ್ಗೆ ವಾದವೇ ಇರಲ್ಲ.

ಕ್ರೇಟು ಜೋಡಿಸೋದು ಕ್ಯಾಬಿನ್ ಗೋಡೆಯಿಂದ ಶುರುವಾಗಬೇಕು. ಹಿಂದಿನ ಡೋರು ಇಳಿಸಿ ಅದರ ಮೇಲೂ ಎರಡು ಸಾಲು ಇಟ್ಟರೆ ಆ ಭಾರ ಆಕ್ಸಲ್‌ನಿಂದ ಆಚೆ ನೇತಾಡುತ್ತೆ. ಹಿಂದೆ ಒತ್ತುತ್ತೆ, ಮುಂದೆ ಎತ್ತುತ್ತೆ. ಸ್ಟಿಯರಿಂಗ್ ಹಗುರ ಅನ್ನಿಸೋದು ಅದಕ್ಕೇ.

ಕೊಬ್ಬರಿ ಟ್ರಿಪ್, ತಿಪಟೂರು:
65 ಜಾಸ್ತಿ ಆಯ್ತು ಅಣ್ಣ. ಬೇಸಿಗೆಯಲ್ಲಿ ಡಾಂಬರು ಕಾದಿರುತ್ತೆ, ಗಾಳಿ ಹಿಗ್ಗುತ್ತೆ. ಏಪ್ರಿಲ್‌ನಲ್ಲಿ ಐದಾರು ಪಾಯಿಂಟ್ ಕಮ್ಮಿ ಇಡೋದೇ ಸರಿ, ಎಲ್ಲ ಡ್ರೈವರ್‌ಗಳೂ ಹಾಗೇ ಮಾಡೋದು.

ಶಿರಾ ಗೇಟ್ ಟೈರು:
ಎಲ್ಲರೂ ಮಾಡ್ತಾರೆ, ನಿಜ. ಏಪ್ರಿಲ್‌ನಲ್ಲೇ ಜಾಸ್ತಿ ಸಿಡಿಯೋದೂ ನಿಜ. ಸ್ಟಿಕ್ಕರ್‌ನಲ್ಲಿರೋ ಅಂಕಿ ತಣ್ಣಗಿರೋ ಟೈರಿಗೆ. ಓಡಿದ ಮೇಲೆ 65 ಇದ್ದದ್ದು 70 ದಾಟುತ್ತೆ, ಅಷ್ಟು ಏರುತ್ತೆ ಅಂತ ಗೊತ್ತಿದ್ದೇ ಟೈರು ಮಾಡಿರ್ತಾರೆ. ಗಾಳಿ ಕಮ್ಮಿ ಮಾಡಿದರೆ ಟೈರು ಜಾಸ್ತಿ ಮಡಚುತ್ತೆ, ಜಾಸ್ತಿ ಕಾಯುತ್ತೆ. ಬಿಸಿ ತಡೆಯೋಕೆ ಅಂತ ಮಾಡಿದ್ದೇ ಬಿಸಿ ಹೆಚ್ಚಿಸುತ್ತೆ. ಬಿಸಿ ಟೈರಿನಿಂದ ಗಾಳಿ ಬಿಡೋದು ಅದಕ್ಕಿಂತ ಕೆಟ್ಟದ್ದು. ರಾತ್ರಿ ತಣ್ಣಗಾದ ಮೇಲೆ ಇರಬೇಕಾದ್ದಕ್ಕಿಂತ ಕೆಳಗೆ ಹೋಗಿರುತ್ತೆ, ಬೆಳಗಿನ ಜಾವದ ಲೋಡು ಅದರ ಮೇಲೇ ಬೀಳುತ್ತೆ.

ನೋಡಬೇಕಾದ್ದು ಬೆಳಿಗ್ಗೆ, ಗಾಡಿ ತೆಗೆಯೋ ಮುಂಚೆ, ಸ್ವಂತ ಗೇಜಿನಲ್ಲಿ. ಬಂಕಿಗೆ ಐದಾರು ಕಿಲೋಮೀಟರ್ ಓಡಿಸಿಕೊಂಡು ಹೋಗಿ ನೋಡಿದರೆ ಆಗಲೇ ಏರಿರುತ್ತೆ. ಬಂಕಿನ ಮೀಟರ್‌ಗಳು ಒಂದಕ್ಕೊಂದು ಹೊಂದೋದೂ ಅಪರೂಪ. ನೂರರವರೆಗೆ ತೋರಿಸೋ ಡಯಲ್ ಗೇಜ್ ಸಾಕು. ಕಾರಿನ ಪೆನ್ ಗೇಜ್ ಕೆಲವು 50ಕ್ಕೇ ನಿಲ್ಲುತ್ತವೆ, ತಗೊಳ್ಳುವಾಗ ನೋಡಿ.

ಹೂವಿನ ಮಂಡಿ, ಚಿಕ್ಕಬಳ್ಳಾಪುರ:
ನೈಟ್ರೋಜನ್ ಹಾಕಿಸಿದರೆ?

ಶಿರಾ ಗೇಟ್ ಟೈರು:
ಸಾದಾ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್. ಕಂಪ್ರೆಸರ್ ನೀರು ಬರಲ್ಲ ಅನ್ನೋ ಲಾಭ ಇದೆ, ದುಡ್ಡು ಕೊಡೋಕೆ ಅಷ್ಟೇ ಕಾರಣ ಸಾಲಲ್ಲ. ವಾರಕ್ಕೊಮ್ಮೆ ಗೇಜ್ ಹಿಡಿಯೋದನ್ನ ಅದು ತಪ್ಪಿಸಲ್ಲ.

ಗ್ರೀಸ್ ಗನ್:
ಈಗ ಮುಂದಿನ ಟೈರು. ನಿಮ್ಮ ಗಾಡಿ ಮುಂದೆ ಗಟ್ಟಿ ಆಕ್ಸಲ್, ಪ್ಲೇಟ್ ಸ್ಪ್ರಿಂಗ್ ಇರೋ ಥರದ್ದಾದರೆ ಅಲೈನ್‌ಮೆಂಟ್‌ನಲ್ಲಿ ತಿರುಗಿಸೋಕೆ ಸಿಗೋದು ಟೋ (ಮೇಲಿನಿಂದ ನೋಡಿದರೆ ಚಕ್ರದ ಮುಂತುದಿ ಒಳಗೋ ಹೊರಗೋ ತಿರುಗಿರೋದು) ಒಂದೇ, ಎರಡೂ ಮುಂದಿನ ಚಕ್ರ ಜೋಡಿಸೋ ಟೈ ರಾಡ್‌ನಲ್ಲಿ. ಕ್ಯಾಂಬರ್ (ಮುಂದಿನಿಂದ ನೋಡಿದರೆ ಚಕ್ರದ ವಾಲು) ಸೆಟ್ ಮಾಡಿದೀವಿ ಅಂತ ಬಿಲ್ ಬರೆದರೆ ಎಲ್ಲಿ ತಿರುಗಿಸಿದ್ರಿ ಅಂತ ಕೇಳಿ.

ಮೊದಲು ಅಂಗೈ ಪರೀಕ್ಷೆ. ಬಟನ್ ಮೇಲೆ ಅಂಗೈ ಇಟ್ಟು ಒಳಗಿನಿಂದ ಹೊರಗೆ ಸವರಿ, ಆಮೇಲೆ ಹೊರಗಿನಿಂದ ಒಳಗೆ. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದ ಹಾಗೆ ತಡೆದರೆ ಟೋ ತಪ್ಪಿದೆ. ಗರಗಸ ಇಲ್ಲದೆ ಒಂದೇ ಅಂಚು ಓರೆಯಾಗಿ ತಿಂದಿದ್ದರೆ ಕಿಂಗ್ ಪಿನ್ (ಸ್ಟಿಯರಿಂಗ್ ತಿರುಗಿಸಿದಾಗ ಮುಂದಿನ ಚಕ್ರ ತಿರುಗೋ ಗೂಟ), ಬೇರಿಂಗ್, ಇಲ್ಲಾ ಗುಂಡಿಗೆ ಬಿದ್ದು ಬಾಗಿದ ಆಕ್ಸಲ್.

ಆ ಚಕ್ರ ಜಾಕಿಯಲ್ಲಿ ಎತ್ತಿ, ಟೈರಿನ ಮೇಲ್ತುದಿ ಕೆಳತುದಿ ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿ. ಟಕ್ ಟಕ್ ಅಂತ ಆಟ ಸಿಕ್ಕರೆ ಕ್ಯಾಬಿನ್‌ನಲ್ಲಿ ಒಬ್ಬರು ಬ್ರೇಕ್ ಪೆಡಲ್ ಒತ್ತಿ ಹಿಡಿಯಲಿ, ಮತ್ತೆ ಅಲ್ಲಾಡಿಸಿ. ಆಟ ನಿಂತುಹೋದರೆ ವೀಲ್ ಬೇರಿಂಗ್. ಹಾಗೇ ಇದ್ದರೆ ಕಿಂಗ್ ಪಿನ್ ಬುಷ್. ಆಮೇಲೆ ಎಡ ಬಲ ತುದಿ ಹಿಡಿದು ಅಲ್ಲಾಡಿಸಿ. ಆಗ ಸಿಗೋ ಆಟ ಟೈ ರಾಡ್ ಎಂಡ್‌ದು. ಇಷ್ಟು ಸರಿಮಾಡದೆ ಅಲೈನ್‌ಮೆಂಟ್ ಮಿಷನ್‌ಗೆ ಹತ್ತಿಸಿದರೆ ದುಡ್ಡು ದಂಡ, ಸಡಿಲ ಇರೋ ಕೀಲಿನ ಮೇಲೆ ಸೆಟ್ಟಿಂಗ್ ನಿಲ್ಲಲ್ಲ.

ಕಿಂಗ್ ಪಿನ್ ಹಾಳಾಗೋದು ಗ್ರೀಸ್ ಇಲ್ಲದೆ. ನಿಪ್ಪಲ್‌ಗೆ ಗನ್ ಹಿಡಿದು, ಹಳೆ ಕಪ್ಪು ಗ್ರೀಸ್ ಪೂರ್ತಿ ಹೊರಗೆ ಬಂದು ಹೊಸದು ಇಣುಕೋವರೆಗೂ ಒತ್ತಬೇಕು. ಚಕ್ರ ನೆಲಕ್ಕಿದ್ದಾಗ ಭಾರ ಇರೋ ಕಡೆಗೆ ಗ್ರೀಸ್ ಹೋಗಲ್ಲ, ಆದ್ದರಿಂದ ಎತ್ತಿಯೇ ಹೊಡೆಯಿರಿ. ವಾಟರ್ ಸರ್ವಿಸ್ ಮಾಡಿಸಿದ ದಿನ ಗ್ರೀಸೂ ಆಗಬೇಕು. ಪ್ರೆಷರ್ ನೀರು ಮೊದಲು ತೊಳೆಯೋದೇ ಅದನ್ನ.

ಶ್ರೀನಿವಾಸಪುರ ಲೋಡ್:
ಅಂಗೈ ಸವರಿದೆ ಸಾರ್, ಗರಗಸ ಇದೆ. ಇನ್ನೊಂದು: ಖಾಲಿ ಗಾಡಿ ಹಿಂದಿನಿಂದ ನೋಡಿದರೆ ಸ್ವಲ್ಪ ಓರೆ ಓಡುತ್ತೆ ಅಂತ ಹೇಳ್ತಾರೆ.

ಗ್ರೀಸ್ ಗನ್:
ಹಾಗಾದರೆ ಹಿಂದಿನ ಸ್ಪ್ರಿಂಗ್ ಪ್ಲೇಟುಗಳನ್ನ ನಡುವೆ ಹಿಡಿದು ಆಕ್ಸಲ್ ಜಾಗ ನಿಲ್ಲಿಸೋ ಸೆಂಟರ್ ಬೋಲ್ಟ್ ನೋಡಿ. ಸ್ಟಿಯರಿಂಗ್ ನೇರ ಇಟ್ಟು, ಮುಂದಿನ ಹಬ್ ಮಧ್ಯದಿಂದ ಹಿಂದಿನ ಹಬ್ ಮಧ್ಯಕ್ಕೆ ಟೇಪ್ ಹಿಡಿದು ಎರಡೂ ಪಕ್ಕ ಅಳೆಯಿರಿ. ಒಂದು ಪಕ್ಕ ಸೆಂಟಿಮೀಟರ್‌ನಷ್ಟು ಕಮ್ಮಿ ಬಂದರೆ ಬೋಲ್ಟ್ ತುಂಡಾಗಿ ಆಕ್ಸಲ್ ಜರುಗಿದೆ. ಬೋಲ್ಟ್ ತುಂಡಾಗೋದಕ್ಕೆ ಮೂಲ, ಪ್ಲೇಟುಗಳನ್ನ ಆಕ್ಸಲ್‌ಗೆ ಬಿಗಿಯೋ ಯು ಬೋಲ್ಟ್ ಸಡಿಲ. ಹೊಸ ಪ್ಲೇಟ್ ಹಾಕಿಸಿದವರು ಮೊದಲ ಲೋಡ್ ಇಳಿಸಿದ ಮೇಲೆ ಯು ಬೋಲ್ಟ್ ಮತ್ತೆ ಬಿಗಿ ಮಾಡಿಸಲ್ಲ; ಪ್ಲೇಟುಗಳು ಕೂತುಕೊಂಡ ಮೇಲೆ ಅದು ಸಡಿಲ ಆಗೇ ಆಗುತ್ತೆ. ಜಾಸ್ತಿ ಲೋಡಿಗೆ ಅಂತ ಒಂದು ಪ್ಲೇಟು ಹೆಚ್ಚಿಗೆ ಸೇರಿಸ್ತಾರೆ, ಅದರಿಂದ ಗಾಡಿ ಕೂರೋದು ಕಮ್ಮಿ ಆಗುತ್ತೆ ಹೊರತು ಆಕ್ಸಲ್, ಬೇರಿಂಗ್, ಬ್ರೇಕ್, ಟೈರಿನ ತಾಕತ್ತು ಹೆಚ್ಚಲ್ಲ.

ಹೂವಿನ ಮಂಡಿ, ಚಿಕ್ಕಬಳ್ಳಾಪುರ:
ರಾತ್ರಿ ಹೈವೇಲಿ ಪಂಚರ್ ಆದರೆ ಲೋಡ್ ಇರುವಾಗಲೇ ಬದಲಾಯಿಸಬಹುದಾ, ಇಳಿಸಲೇಬೇಕಾ? ಹೂವು, ಹೊತ್ತು ಕಾಯೋ ಹಾಗಿಲ್ಲ.

ನಂದಿ ಕ್ರಾಸ್:
ಬದಲಾಯಿಸಬಹುದು. ಎಲ್ಲಿ ನಿಲ್ಲಿಸ್ತೀರಿ ಅನ್ನೋದು ಮೊದಲ ಮಾತು. ಟೈರು ಉಳಿಸೋಕೆ ಲೇನಿನಲ್ಲೇ ನಿಲ್ಲಿಸಬೇಡಿ. ಟೈರು ಹೋದರೆ ಹೋಗಲಿ, ನಿಧಾನಕ್ಕೆ ಉರುಳಿಸಿಕೊಂಡು ಬಿಳಿ ಗೆರೆ ಆಚೆ, ಆದರೆ ಸರ್ವಿಸ್ ರಸ್ತೆಗೇ ತನ್ನಿ. ತಿರುವು, ಸೇತುವೆ, ಏರಿನ ನೆತ್ತಿ ದಾಟಿದ ತಕ್ಷಣದ ಇಳಿಜಾರು, ಈ ಮೂರು ಕಡೆ ನಿಲ್ಲಿಸಲೇಬೇಡಿ.

ತ್ರಿಕೋನ ಹಿಂದೆ ಇಡೋದು ಹತ್ತು ಹೆಜ್ಜೆಗಲ್ಲ. 80ರಲ್ಲಿ ಬರೋ ಗಾಡಿ ಸೆಕೆಂಡಿಗೆ 22 ಮೀಟರ್ ನುಂಗುತ್ತೆ. 100 ಮೀಟರ್ ಹಿಂದೆ ಇಟ್ಟರೂ ಲಾರಿಯವನಿಗೆ ಸಿಗೋದು ನಾಲ್ಕೂವರೆ ಸೆಕೆಂಡು. ಬೆಂಗಳೂರು–ಹೈದರಾಬಾದ್ ರಾಷ್ಟ್ರೀಯ ಹೆದ್ದಾರಿ 44 ಆಗಲಿ, ಕೋಲಾರದ 75 ಆಗಲಿ, ತುಮಕೂರಿನ 48 ಆಗಲಿ, ನೂರಕ್ಕೆ ಕಮ್ಮಿ ಬೇಡ. ತಿರುವಿದ್ದರೆ ತಿರುವಿಗೂ ಹಿಂದೆ. ಇಡೋಕೆ ಹೋಗುವಾಗ ರಸ್ತೆ ಅಂಚಿನ ಆಚೆ ನಡೆಯಿರಿ, ಮೊಬೈಲ್ ಟಾರ್ಚ್ ಬರೋ ಗಾಡಿ ಕಡೆಗೆ ಇರಲಿ, ಮೈಮೇಲೆ ಹೊಳೆಯೋ ಜಾಕೆಟ್. ಜೊತೆಗಿದ್ದವರನ್ನ ಗಾಡಿಯೊಳಗೂ ಗಾಡಿ ಹಿಂದೆಯೂ ಬಿಡಬೇಡಿ. ರೇಲಿಂಗ್ ಆಚೆ ನಿಲ್ಲಲಿ.

ಕಲ್ಲು ಇಟ್ಟು ಅಡ್ಡ ಕಟ್ಟೋದು ನಮ್ಮ ಕಡೆ ರೂಢಿ. ಅದರ ಬದಲು ಸೊಪ್ಪು ಸಿಕ್ಕಿಸಿ. ಕಲ್ಲೇ ಇಟ್ಟರೆ ಹೊರಡುವಾಗ ಒಂದೂ ಬಿಡದೆ ಎತ್ತಿ ಹಾಕಿ. ರಾತ್ರಿ ಹೋಗೋ ಬೈಕಿನವರು ಸಾಯೋದು ಅಂಥ ಕಲ್ಲಿಗೆ.

ಆಮೇಲೆ ಕೆಲಸ. ಹ್ಯಾಂಡ್ ಬ್ರೇಕ್ ಎಳೆದು ಗೇರ್‌ನಲ್ಲಿ ಬಿಡಿ, ಏರಿಗೆ ಮುಖ ಇದ್ದರೆ ಫಸ್ಟ್, ಇಳಿಜಾರಿಗೆ ಇದ್ದರೆ ರಿವರ್ಸ್. ಮೂಲೆಗೆ ಮೂಲೆ ಎದುರಿನ ಚಕ್ರಕ್ಕೆ ಮುಂದೂ ಹಿಂದೂ ಸ್ಟಾಪರ್. ಹಿಂದಿನ ಚಕ್ರ ಎತ್ತುವಾಗ ಇದು ಇನ್ನೂ ಮುಖ್ಯ. ಹ್ಯಾಂಡ್ ಬ್ರೇಕೂ ಗೇರೂ ಹಿಡಿಯೋದು ಹಿಂದಿನ ಚಕ್ರವನ್ನೇ, ಅದರಲ್ಲಿ ಒಂದು ಗಾಳಿಯಲ್ಲಿ ಎದ್ದರೆ ಗೇರಿನ ಹಿಡಿತ ಹೋಯ್ತು. ನಟ್‌ಗಳನ್ನ ಚಕ್ರ ನೆಲದಲ್ಲಿದ್ದಾಗಲೇ ಅರ್ಧ ಸುತ್ತು ಸಡಿಲ ಮಾಡಿ, ಎತ್ತಿದ ಮೇಲೆ ಸ್ಪ್ಯಾನರ್ ಮೇಲೆ ಕಾಲಿಟ್ಟು ತುಳಿಯಬೇಡಿ. ಜಾಕಿ ಆಕ್ಸಲ್ ಕೆಳಗೆ, ಯು ಬೋಲ್ಟ್ ಪಕ್ಕ. ಡಿಫರೆನ್ಷಿಯಲ್ ಗುಂಡಿನ ಕೆಳಗೆ ಕೊಟ್ಟರೆ ಗಾಡಿ ಪಕ್ಕಕ್ಕೆ ಜಾರುತ್ತೆ. ಚಾಸಿಗೆ ಕೊಟ್ಟರೆ ಸ್ಪ್ರಿಂಗ್ ಪೂರ್ತಿ ಹಿಗ್ಗೋವರೆಗೂ ಚಕ್ರ ಏಳಲ್ಲ, ಲೋಡ್ ಗಾಡಿಗೆ ಅದು ಅಪಾಯ.

ಪಂಚರ್ ಆದ ಗಾಡಿ ಆಕ್ಸಲ್ ಎಷ್ಟು ಕೆಳಗಿರುತ್ತೆ ಅಂದರೆ ಬಾಟಲ್ ಜಾಕಿ ಒಳಗೇ ಹೋಗಲ್ಲ. ಎರಡಿಂಚು ದಪ್ಪದ ಹಲಗೆ ಎರಡು ತುಂಡು ಗಾಡಿಯಲ್ಲಿರಲಿ. ಒಂದರ ಮೇಲೆ ಪಂಚರ್ ಚಕ್ರ ಹತ್ತಿಸಿದರೆ ಜಾಕಿಗೆ ಜಾಗ ಸಿಗುತ್ತೆ. ಇನ್ನೊಂದು ಜಾಕಿ ಬುಡಕ್ಕೆ, ಮಳೆಗಾಲದ ಮಣ್ಣಲ್ಲಿ ಅದಿಲ್ಲದೆ ಜಾಕಿ ಹೂತುಹೋಗುತ್ತೆ. ಗಾಡಿ ಎತ್ತಿದ ಕೂಡಲೇ ಸ್ಟೆಪ್ನಿಯನ್ನ ಚಾಸಿ ಕೆಳಗೆ ಮಲಗಿಸಿ. ಬಿಚ್ಚಿದ ಚಕ್ರವನ್ನ ಅದರ ಜಾಗಕ್ಕೆ ತಳ್ಳಿ ಸ್ಟೆಪ್ನಿ ಎಳೆದುಕೊಳ್ಳಿ. ಜಾಕಿ ಜಾರಿದರೂ ಗಾಡಿ ಕೂರೋದು ಟೈರಿನ ಮೇಲೆ, ನಿಮ್ಮ ಮೇಲಲ್ಲ.

ನಟ್ ಬಿಗಿ ಮಾಡೋದು ಒಂದರ ಎದುರು ಒಂದು, ಸುತ್ತಿಕೊಂಡು ಹೋಗಬೇಡಿ. ನಟ್ಟಿನ ಓರೆ ಇರೋ ಮುಖ ಡಿಸ್ಕಿನ (ಟೈರು ಕೂರೋ ಕಬ್ಬಿಣದ ಚಕ್ರದ) ಕಡೆಗೆ. ಎಣ್ಣೆ, ಗ್ರೀಸ್ ಮುಟ್ಟಿಸಬೇಡಿ. 50 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಸ್ಪ್ಯಾನರ್ ಹಾಕಿ.

ಶಿರಾ ಗೇಟ್ ಟೈರು:
ಜೊತೆಗೆ ಇದು: ಸ್ಟೆಪ್ನಿಯಲ್ಲಿ ಗಾಳಿ ಹಿಂದಿನ ಚಕ್ರದ ಲೆಕ್ಕಕ್ಕೆ ಇರಬೇಕು. ಮುಂದಕ್ಕೆ ಬೇಕಾದರೆ ಬಿಡಬಹುದು, ರಸ್ತೆಯಲ್ಲಿ ತುಂಬೋಕಾಗಲ್ಲ. ಚಾಸಿ ಕೆಳಗೆ ನೇತಾಡೋ ಸ್ಟೆಪ್ನಿಯ ಬೋಲ್ಟು ಕೆಸರು ತಿಂದು ತುಕ್ಕು ಹಿಡಿದು ಬೇಕಾದಾಗ ಬಿಚ್ಚಿಕೊಳ್ಳಲ್ಲ. ಮೂರು ತಿಂಗಳಿಗೊಮ್ಮೆ ಇಳಿಸಿ ಗ್ರೀಸ್ ಸವರಿ, ಇಲ್ಲಿ ಗ್ರೀಸ್ ಬೇಕು.

ಹೊರಗಿನಿಂದ ತೂತಿಗೆ ರಬ್ಬರ್ ಸ್ಟ್ರಿಪ್ ತುರುಕಿದ ಪಂಚರ್ ತಾತ್ಕಾಲಿಕ. ನಡು ಬಟನ್‌ನಲ್ಲಿ, 6 ಮಿ.ಮೀ. ಒಳಗಿನ ತೂತಾದರೆ ಊರು ಸೇರಿಸುತ್ತೆ. ಆಮೇಲೆ ಟೈರು ಬಿಚ್ಚಿಸಿ ಒಳಗಿನಿಂದ ಮಶ್ರೂಮ್ ಪ್ಯಾಚ್ (ಅಣಬೆ ಆಕಾರದ, ಕಾಂಡ ಇರೋ ಪ್ಯಾಚ್) ಹಾಕಿಸಿ. ಅದಕ್ಕೆ ಒಳಮೈ ಉಜ್ಜಬೇಕು, ಸೊಲ್ಯೂಷನ್ ಹಚ್ಚಿ ಅಂಟಂಟಾಗೋವರೆಗೂ ಕೆಲವು ನಿಮಿಷ ಬಿಡಬೇಕು, ಆಮೇಲೆ ರೋಲರ್‌ನಲ್ಲಿ ನಡುವಿನಿಂದ ಅಂಚಿಗೆ ಒತ್ತಬೇಕು. ಹಸಿ ಸೊಲ್ಯೂಷನ್ ಮೇಲೆ ಪ್ಯಾಚ್ ಅಂಟಿಸೋ ಅಂಗಡಿಯ ಕೆಲಸ ಮೊದಲ ಬಿಸಿಗೇ ಬಿಟ್ಟುಕೊಳ್ಳುತ್ತೆ. ಸೈಡ್ ವಾಲ್, ಅಂಚು, ಎರಡಕ್ಕೂ ರಿಪೇರಿ ಇಲ್ಲ.

ಗಾಳಿ ಇಲ್ಲದೆ ಸ್ವಲ್ಪ ದೂರ ಓಡಿದ ಟೈರು ಬಿಚ್ಚಿದಾಗ ಒಳಗೆ ಕಪ್ಪು ರಬ್ಬರ್ ಪುಡಿ ಉದುರಿದರೆ ಆ ಟೈರಿಗೆ ಮತ್ತೆ ಗಾಳಿ ತುಂಬಬೇಡಿ. ಸೈಡ್ ವಾಲ್ ಒಳಗಿಂದ ಸತ್ತಿದೆ, ತುಂಬುವಾಗಲೇ ಸಿಡಿಯಬಹುದು. ಅಂಥದ್ದಕ್ಕೆ ಟ್ಯೂಬ್ ಹಾಕಿ ಓಡಿಸೋದು ಇನ್ನೊಂದು ಕೆಟ್ಟ ರೂಢಿ. ಟ್ಯೂಬ್ ಗಾಳಿ ಹಿಡಿಯುತ್ತೆ ನಿಜ, ಸತ್ತ ದಾರಕ್ಕೆ ಜೀವ ಬರಲ್ಲ.

ಕೊಬ್ಬರಿ ಟ್ರಿಪ್, ತಿಪಟೂರು:
ಬೇಸಿಗೆ ಗಾಳಿ ವಿಷಯ ಒಪ್ಪಿದೆ. ರೀಸೋಲ್ (ಸವೆದ ಟೈರಿಗೆ ಹೊಸ ಗ್ರಿಪ್ ಅಂಟಿಸೋದು) ಮಾತ್ರ ಬೈಬೇಡಿ, ಬಾಡಿಗೆ ಗಾಡಿಗೆ ಅದಿಲ್ಲದೆ ಆಗಲ್ಲ.

ಶಿರಾ ಗೇಟ್ ಟೈರು:
ಬೈಯಲ್ಲ. ದೊಡ್ಡ ಲಾರಿ ಟೈರಿಗೆ ಅದು ಒಳ್ಳೆ ಲೆಕ್ಕ. 12, 13 ಇಂಚಿನ ಟೈರಿಗೆ ಹೊಸದರ ಬೆಲೆಗೂ ಅದಕ್ಕೂ ಇರೋ ವ್ಯತ್ಯಾಸ ಕಮ್ಮಿ, ಚಿಕ್ಕ ಚಕ್ರ ಜಾಸ್ತಿ ಸುತ್ತಿ ಜಾಸ್ತಿ ಕಾಯುತ್ತೆ. ಮಾಡಿಸಿದರೂ ಹಿಂದಕ್ಕೆ ಮಾತ್ರ, ಮುಂದಕ್ಕೆ ಬೇಡವೇ ಬೇಡ. ತಯಾರಿ ದಿನ ನೋಡಿ: ಪಕ್ಕದಲ್ಲಿ ನಾಲ್ಕು ಅಂಕಿ, 2323 ಅಂದರೆ 2023ರ 23ನೇ ವಾರ. ಐದಾರು ವರ್ಷ ದಾಟಿ ಸೈಡ್ ವಾಲ್ ಬಿರುಕು ಬಿಟ್ಟದ್ದಕ್ಕೆ ಹೊಸ ಸೋಲ್ ಹಾಕಿಸೋದು ದುಡ್ಡು ಸುಟ್ಟ ಹಾಗೆ.

ನಂದಿ ಕ್ರಾಸ್:
ಓಡುವಾಗ ಸಿಡಿದರೆ ಬ್ರೇಕ್ ತುಳಿಯಬೇಡಿ. ಸ್ಟಿಯರಿಂಗ್ ಎರಡು ಕೈಯಲ್ಲಿ ನೇರ ಹಿಡಿದು ಆಕ್ಸಿಲರೇಟರ್ ನಿಧಾನ ಬಿಡಿ, ವೇಗ ತಾನಾಗಿ ಇಳಿದ ಮೇಲೆ ಎಡಕ್ಕೆ ತನ್ನಿ. ಬ್ರೇಕ್ ಒತ್ತಿದರೆ ಭಾರ ಮುಂದಕ್ಕೆ ಬಂದು, ಸಿಡಿದ ಕಡೆಗೆ ಗಾಡಿ ಎಳೆಯುತ್ತೆ. ಎತ್ತರ ಲೋಡ್ ಇದ್ದರೆ ಅಲ್ಲೇ ಮಗುಚೋದು.

ಕ್ರೇನು, ಆಂಬುಲೆನ್ಸು, ಪ್ಯಾಟ್ರೋಲ್ ಬೇಕಾದರೆ ರಾಷ್ಟ್ರೀಯ ಹೆದ್ದಾರಿಯಲ್ಲಿ 1033. ಪೊಲೀಸ್ 112. ಕರೆ ಮಾಡುವಾಗ ಪಕ್ಕದ ಕಿಲೋಮೀಟರ್ ಕಲ್ಲಿನ ಅಂಕಿ ಮತ್ತು ಯಾವ ಊರ ಕಡೆಗೆ ಹೋಗೋ ಪಕ್ಕ ಅನ್ನೋದು ಹೇಳಿ. ಡಿವೈಡರ್ ಇರೋ ರಸ್ತೆಯಲ್ಲಿ ಪಕ್ಕ ತಪ್ಪಿದರೆ ಅವರು ಯೂಟರ್ನ್ ಹುಡುಕಬೇಕಾಗುತ್ತೆ. ಹೊಸಕೋಟೆ ಕಡೆಯಿಂದ ಬೇತಮಂಗಲಕ್ಕೆ ಹೋಗೋ ಹೊಸ ಎಕ್ಸ್‌ಪ್ರೆಸ್‌ವೇ ಹತ್ತುವವರು ಸ್ಟೆಪ್ನಿ ನೋಡದೆ ಹತ್ತಬೇಡಿ, ಮಧ್ಯದಲ್ಲಿ ಪಂಚರ್ ಅಂಗಡಿಗೆ ಅಂತ ಇಳಿಯೋ ಹಾಗಿಲ್ಲ.

ಕೊಬ್ಬರಿ ಟ್ರಿಪ್, ತಿಪಟೂರು:
ಸುಗ್ಗಿಯಲ್ಲಿ ರಸ್ತೆ ಮೇಲೆ ಹುರುಳಿ ಹಾಕ್ತಾರಲ್ಲ, ಅದರ ಬಗ್ಗೆ ಯಾರೂ ಬರೆದಿಲ್ಲ. ರಾಗಿ ಹುಲ್ಲು ಅಷ್ಟು ತೊಂದರೆ ಕೊಡಲ್ಲ. ಹುರುಳಿ ಬಳ್ಳಿ ಉದ್ದ, ಪ್ರೊಪೆಲರ್ ಶಾಫ್ಟಿಗೆ ಹಗ್ಗದ ಥರ ಸುತ್ತಿಕೊಂಡು ಸೈಲೆನ್ಸರ್‌ಗೆ ತಾಗಿ ಹೊತ್ತಿಕೊಳ್ಳುತ್ತೆ. ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್) ಇರೋ ಬಿಎಸ್ 6 ಗಾಡಿಯಲ್ಲಿ ಅದು ಮಸಿ ಸುಡುವಾಗ ಒಳಗೆ 550ರಿಂದ 600 ಡಿಗ್ರಿ ಇರುತ್ತೆ. ಸಾಧ್ಯವಾದರೆ ಪಕ್ಕದಿಂದ ಹೋಗಿ. ದಾಟಲೇಬೇಕಾದರೆ ನಿಲ್ಲಿಸದೆ ದಾಟಿ, ನೂರಿನ್ನೂರು ಮೀಟರ್ ಮುಂದೆ ಬರಿ ರಸ್ತೆಯಲ್ಲಿ ಇಳಿದು ಕೆಳಗೆ ಬಗ್ಗಿ ನೋಡಿ. ಸುತ್ತಿದ್ದರೆ ಇಂಜಿನ್ ಆಫ್ ಮಾಡಿ, ಕುಡುಗೋಲಿನಲ್ಲಿ ಕೊಯ್ದು ತೆಗೆಯಿರಿ. ಎಳೆದರೆ ಬ್ರೇಕ್ ಪೈಪು, ವೈರಿಂಗೂ ಜೊತೆಗೆ ಬರುತ್ತೆ. ಒಕ್ಕಣೆ ರಾಶಿ ಮೇಲೆ ಗಾಡಿ ನಿಲ್ಲಿಸಿ ಟೀ ಕುಡಿಯೋಕೆ ಹೋಗಬೇಡಿ. ಒಣ ಪುಡಿಯ ಅಗ್ನಿಶಾಮಕ ಸಿಲಿಂಡರ್ ಸೀಟಿನ ಕೈಗೆಟುಕೋ ಜಾಗದಲ್ಲಿರಲಿ, ಲೋಡಿನ ಅಡಿಯಲ್ಲಲ್ಲ.

ಗ್ರೀಸ್ ಗನ್:
ಒಳ್ಳೆ ಮಾತು. ಬಳ್ಳಿ ತೆಗೆದ ಮೇಲೆ ಡಿಫರೆನ್ಷಿಯಲ್ ಮುಂದಿನ ಆಯಿಲ್ ಸೀಲೂ ನೋಡಿ, ನಾರು ಒಳಗೆ ಸೇರಿ ಸೀಲ್ ಕೊಯ್ದಿರುತ್ತೆ.

ಮಾಮೂಲಿ ಮೇಂಟೆನೆನ್ಸ್‌ನಲ್ಲಿ ನಮ್ಮ ಜಿಲ್ಲೆಗಳಿಗೇ ಅಂತ ಇರೋದು ನೀರು. ಸಾವಿರ ಅಡಿ ಬೋರಿನ ಗಡಸು ನೀರು ರೇಡಿಯೇಟರ್‌ಗೆ ಹೊಯ್ದರೆ ಒಳಗೆ ಬಿಳಿ ಪೊರೆ ಕಟ್ಟಿ ಕೊಳವೆ ಕಿರಿದಾಗುತ್ತೆ, ಮುಳಬಾಗಿಲು ಏರಿನಲ್ಲಿ ಲೋಡ್ ಎಳೆಯುವಾಗ ಮುಳ್ಳು ಕೆಂಪಿಗೆ ಹೋಗೋದು ಅದಕ್ಕೆ. ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ರೆಡಿ ಮಿಕ್ಸ್ ಆದರೆ ನೀರೇ ಬೇಡ. ಬ್ಯಾಟರಿಗೂ ಡಿಸ್ಟಿಲ್ಡ್ ವಾಟರೇ. ಮುಳ್ಳು ಏರಿದರೆ ಲೋಡ್ ಗಾಡಿ ತಕ್ಷಣ ಆಫ್ ಮಾಡಬೇಡಿ, ಫ್ಯಾನ್ ಬೆಲ್ಟ್ ಇದೆಯಾ ನೋಡಿ. ಬೆಲ್ಟ್ ಇದ್ದು ಕೂಲೆಂಟ್ ಸೋರದಿದ್ದರೆ ಐಡಲ್‌ನಲ್ಲಿ ಬಿಟ್ಟು ಇಳಿಸಿ. ಬೆಲ್ಟ್ ತುಂಡಾಗಿದ್ದರೆ, ಇಲ್ಲಾ ಕೂಲೆಂಟ್ ಹೋಗಿದ್ದರೆ ಆಗಲೇ ಆಫ್. ಕ್ಯಾಪ್ ಮಾತ್ರ ಬರಿಗೈಯಲ್ಲಿ ಮುಟ್ಟೋ ಹಾಗೆ ತಣ್ಣಗಾಗೋವರೆಗೂ ಬಿಚ್ಚಬೇಡಿ.

ಜೆಲ್ಲಿ ಕ್ರಷರ್ ರಸ್ತೆಯಲ್ಲಿ ಓಡೋರು ಏರ್ ಫಿಲ್ಟರ್ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಬೇಗ ನೋಡಿ, ಟೈರು ಗ್ರಿಪ್‌ನಲ್ಲಿ ಸಿಕ್ಕಿಕೊಂಡ ಜೆಲ್ಲಿ ವಾರಕ್ಕೊಮ್ಮೆ ಸ್ಕ್ರೂಡ್ರೈವರ್‌ನಲ್ಲಿ ಕಿತ್ತು ತೆಗೆಯಿರಿ. ಬ್ರೇಕ್ ಆಯಿಲ್ ಎರಡು ವರ್ಷಕ್ಕೆ ಪೂರ್ತಿ ಬದಲಿ. ಅದು ಗಾಳಿಯ ತೇವ ಹೀರುತ್ತೆ, ನಂದಿ ಬೆಟ್ಟದಂಥ ಇಳಿಜಾರಿನಲ್ಲಿ ಡ್ರಮ್ ಕಾದಾಗ ಆ ನೀರು ಕುದಿದು ಆವಿಯಾಗಿ ಪೆಡಲ್ ಪೊಳ್ಳಾಗುತ್ತೆ. ಹತ್ತಿದ ಗೇರ್‌ನಲ್ಲೇ ಇಳಿಯಿರಿ.

ಶ್ರೀನಿವಾಸಪುರ ಲೋಡ್:
ಟೈರು ಹಿಂದೆ ಮುಂದೆ ಅದಲು ಬದಲು ಮಾಡಬಹುದಾ? ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಹತ್ತಿರ ಬಂತು, ಹೊಸದು ನಾಲ್ಕೂ ಹಾಕೋಕೆ ಕಷ್ಟ.

ಶಿರಾ ಗೇಟ್ ಟೈರು:
ಅಂಚು ಬೋಳಾದ ಎರಡನ್ನ ಎಲ್ಲಿಗೂ ಹಾಕಬೇಡಿ. ನಿಯಮದ ಪ್ರಕಾರ ಗ್ರಿಪ್ ಕನಿಷ್ಠ 1.6 ಮಿ.ಮೀ.; ಚಡಿಯೊಳಗಿನ ಗುರುತಿನ ಉಬ್ಬಿಗೆ ಬಟನ್ ಸಮ ಆದರೆ ಮುಗೀತು. ಹೊಸದು ಎರಡು ತಗೊಳ್ಳಿ, ಒಂದೇ ಆಕ್ಸಲ್‌ಗೆ ಜೋಡಿಯಾಗಿ ಹಾಕಿ. ಮುಂದಿನ ಎಡಗಡೆಯದು ದಾರ ಕಾಣದೆ, ಒಳ ಅಂಚಲ್ಲೂ 1.6 ಮೇಲಿದ್ದರೆ ಟೋ ಸರಿ ಮಾಡಿಸಿದ ಮೇಲೆ ಡಿಸ್ಕಿನಲ್ಲಿ ತಿರುಗಿಸಿ ಹಾಕಿಸಿ, ಒಳಗಿದ್ದ ಅಂಚು ಹೊರಗೆ ಬರುತ್ತೆ. ಸೈಡ್ ವಾಲ್ ಮೇಲೆ ಬಾಣದ ಗುರುತಿದ್ದರೆ ಹಾಗೆ ಮಾಡೋ ಹಾಗಿಲ್ಲ. ಇನ್ನು ಮೇಲೆ 8,000ದಿಂದ 10,000 ಕಿಲೋಮೀಟರ್‌ಗೆ ಅದಲು ಬದಲು, ಅದಾದ ತಕ್ಷಣ ಹೊಸ ಜಾಗದ ಗಾಳಿ. ಮುಂದಿನ ಗಾಳಿಯಲ್ಲೇ ಹಿಂದಕ್ಕೆ ಹೋದ ಟೈರು ಮತ್ತೆ ಅಂಚು ತಿನ್ನುತ್ತೆ.

ದೊಡ್ಡ ಸೈಜ್ ಹಾಕಿಸೋಣ ಅಂತ ಅಂಗಡಿಯಲ್ಲಿ ಹೇಳಿದರೆ ಕೇಳಬೇಡಿ. ತಿರುವಿನಲ್ಲಿ ಮಡ್‌ಗಾರ್ಡ್‌ಗೆ ಉಜ್ಜುತ್ತೆ, ಎಫ್‌ಸಿಯಲ್ಲೂ ಕೇಳ್ತಾರೆ.

ಗ್ರೀಸ್ ಗನ್:
ಎಫ್‌ಸಿ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಹೋಗೋ ಹಿಂದಿನ ದಿನ ರಿಫ್ಲೆಕ್ಟರ್ ಟೇಪ್ ಒರೆಸಿ ನೋಡಿ, ಟೊಮೆಟೊ ರಸ ಒಣಗಿ ಹೊಳಪು ಹೋಗಿರುತ್ತೆ. ಅದಕ್ಕೂ ಮೊದಲು ಸೆಂಟರ್ ಬೋಲ್ಟ್. ಅಳತೆ ಎಷ್ಟು ಬಂತು ಹಾಕಿ, ಬಲಗಡೆ ಕಮ್ಮಿಯೋ ಎಡಗಡೆಯೋ ಅನ್ನೋದೂ ಬರೆಯಿರಿ.